ಆಣೆ ಮಾಡದ ಮನೆಯ ಹುಡುಗಿ

ಶಿಕಾರಿಪುರದ ನಮ್ಮ ಮನೆಯಲ್ಲಿ ಊಟಕ್ಕೆ ಕೂರುವಾಗ ಅಪ್ಪಾಜಿಯ ಎಡಗಡೆಯ ಮಣೆ ನನ್ನದಾಗಿತ್ತು. ಅದನ್ನು ಯಾರೂ ನನಗೆ ಬರೆದುಕೊಟ್ಟಿರಲಿಲ್ಲ. ನಡೆಯಲು ಕಲಿತಾಗ ನಾನೇ ಹೋಗಿ ಕೂತಿದ್ದೆ, ಯಾರೂ ಎಬ್ಬಿಸಿರಲಿಲ್ಲ, ಅಷ್ಟೆ. ಅಲ್ಲಿ ಕೂತರೆ ಅಪ್ಪಾಜಿ ತಮ್ಮ ರೊಟ್ಟಿಯ ಗರಿಗರಿ ಅಂಚು ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದರು. ಕೋರ್ಟಿನ ಸುದ್ದಿ ಹೇಳುವಾಗ ನಡುನಡುವೆ ನನ್ನ ಕಡೆ ತಿರುಗಿ "ಅಲ್ವೇನೇ?" ಎನ್ನುತ್ತಿದ್ದರು. ಏನೂ ತಿಳಿಯದಿದ್ದರೂ ನಾನು "ಹೂಂ" ಎನ್ನುತ್ತಿದ್ದೆ. ಒಬ್ಬಳೇ ಮಗಳು, ಕೇಳಬೇಕೆ? ನಾನು ಐದನೇ ಕ್ಲಾಸಿನಲ್ಲಿದ್ದಾಗ ಆ ಮಣೆಯ ಮೇಲೆ ನಾಗವೇಣಿ ಬಂದು ಕೂತಳು. ಅವಳ ಅಪ್ಪನಿಗೆ ಗಲ್ಲು ಶಿಕ್ಷೆಯಾಗಿತ್ತು, ಆದ್ದರಿಂದ ಎದ್ದೇಳು ಅನ್ನುವ ಹಾಗೂ ಇರಲಿಲ್ಲ.

ಅಪ್ಪಾಜಿ ವಕೀಲರು. ಬೀದಿಗೆ ತೆರೆದುಕೊಂಡಿದ್ದ ಮುಂದಿನ ಕೋಣೆಯೇ ಅವರ ಆಫೀಸು. ಪಹಣಿ, ಖಾತೆ, ಬದುವಿನ ಜಗಳ ಹೊತ್ತು ತಂದವರು ಸದಾ ಅಲ್ಲಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಖೂನಿ ಕೇಸು ಅವರ ದಾರಿಯಲ್ಲ. ಆದರೆ ಸೊರಬದ ಕಡೆಯ ಒಂದು ಹಳ್ಳಿಯ ಕೆರಿಯಪ್ಪ ಎಂಬಾತನ ಪರವಾಗಿ ಯಾರೂ ನಿಲ್ಲಲಿಲ್ಲವೆಂದು ಇವರು ನಿಂತರು. ಆ ಊರಿನ ಗೌಡರ ಮನೆಯ ಮುದುಕಿಯನ್ನೂ ಆಕೆಯ ಪುಟ್ಟ ಮೊಮ್ಮಗನನ್ನೂ ಯಾರೋ ಕೊಂದು ಒಡವೆ ಒಯ್ದಿದ್ದರು. ಕೆರಿಯಪ್ಪ ಆ ಮನೆಯ ಗದ್ದೆ ಕೆಲಸಕ್ಕೆ ಹೋಗುತ್ತಿದ್ದವನು. ಅವತ್ತು ನಸುಕಿನಲ್ಲಿ ಆತ ಗೌಡರ ಹಿತ್ತಿಲಿನಿಂದ ಗಂಟು ಹಿಡಿದು ಹೊರಟಿದ್ದನ್ನು ಕಂಡೆವೆಂದು ಊರಿನ ಮೂವರು ಸಾಕ್ಷಿ ಹೇಳಿದರು. ಮೂವರೂ ಮರ್ಯಾದಸ್ಥರು, ಆತನ ಮೇಲೆ ಹಗೆ ಇದ್ದವರಲ್ಲ. ಒಡವೆ ಮಾತ್ರ ಸಿಗಲೇ ಇಲ್ಲ. ಶಿವಮೊಗ್ಗದ ಸೆಷನ್ಸ್ ಕೋರ್ಟು ಇದು ಅಪರೂಪದಲ್ಲೇ ಅಪರೂಪದ ಪ್ರಕರಣವೆಂದು ಹೇಳಿ ಗಲ್ಲು ಶಿಕ್ಷೆ ಬರೆಯಿತು. ಬೆಂಗಳೂರಿನ ಹೈಕೋರ್ಟು ಅದಕ್ಕೆ ಒಪ್ಪಿಗೆ ಕೊಡುವುದೊಂದು ಬಾಕಿ ಇತ್ತು. ಕೆರಿಯಪ್ಪನ ಹೆಂಡತಿ ಮೊದಲೇ ತೀರಿಹೋಗಿದ್ದಳು. ಮಗಳನ್ನು ನೋಡಿಕೊಳ್ಳುತ್ತಿದ್ದ ಆತನ ತಾಯಿ ತೀರ್ಪು ಕೇಳಿ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಊರಲ್ಲಿ ಆ ಹುಡುಗಿಗೆ ಯಾರೂ ಬಾಗಿಲು ತೆಗೆಯುತ್ತಿಲ್ಲವೆಂದು ಕೇಳಿ ಅಪ್ಪಾಜಿ ಒಂದು ದಿನ ಹೋಗಿ ಬಸ್ಸಿನಲ್ಲಿ ಕರೆದುಕೊಂಡು ಬಂದೇಬಿಟ್ಟರು.

"ಇವಳು ನಾಗವೇಣಿ. ಅಪ್ಪನ ಕೇಸು ಮುಗಿಯೋ ತನಕ ನಮ್ಮ ಮನೇಲೇ ಇರ್ತಾಳೆ," ಅಂದರು.

ಅಜ್ಜಿ, ಅಂದರೆ ಅಪ್ಪಾಜಿಯ ತಾಯಿ, ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಮೀನು ತಿನ್ನೋರ ಮನಿ ಹುಡುಗೀನ ತಂದು ಲಿಂಗದ ಮನ್ಯಾಗೆ ಬಿಟ್ಟೀಯಲ್ಲಪ್ಪಾ. ಅದೂ ಕೊಲೆಗಾರನ ಮಗಳು."

"ಅವನು ಕೊಲೆ ಮಾಡಿಲ್ಲ ಅವ್ವಾ."

"ಅದನ್ನ ನೀನು ಹೇಳ್ತೀ. ಜಡ್ಜು ಹೇಳಿಲ್ಲ."

ನಾಗವೇಣಿ ನನ್ನ ವಯಸ್ಸಿನವಳೇ, ಆದರೆ ನನಗಿಂತ ಒಂದು ಹಿಡಿ ಎತ್ತರ. ಅವಳ ಮಾತು ಬೇರೆ. ನಾವು 'ಯಾಕೆ' ಅಂದರೆ ಅವಳು 'ಎಂತಕ್ಕೆ' ಅನ್ನುತ್ತಿದ್ದಳು. ನಮ್ಮ ಜೋಳದ ರೊಟ್ಟಿ ಅವಳಿಗೆ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದನ್ನು ನೋಡಿ ಅಪ್ಪಾಜಿ "ಅವಳಿಗೆ ಸಂಜೆ ಹೊತ್ತು ಅನ್ನ ಮಾಡು" ಎಂದು ಅವ್ವನಿಗೆ ಹೇಳಿದರು. ನನಗೆ ಜ್ವರ ಬಂದಾಗಲೂ ಅಪ್ಪಾಜಿ ಅಡುಗೆಮನೆಯ ವಿಚಾರಕ್ಕೆ ತಲೆ ಹಾಕಿದವರಲ್ಲ. ಹೊಟ್ಟೆ ಉರಿದುಹೋಯಿತು. ಪಡಸಾಲೆಯಲ್ಲಿ ನನ್ನ ಹಾಸಿಗೆಯ ಪಕ್ಕದಲ್ಲೇ ಅವಳ ಹಾಸಿಗೆ. ನನ್ನ ಹಳೆಯ ಲಂಗಗಳ ಅಂಚು ಬಿಚ್ಚಿ ಅವ್ವ ಅವಳಿಗೆ ಉದ್ದ ಮಾಡಿಕೊಟ್ಟಳು. ನನಗೆ ಬೇಡವಾದ ಲಂಗವೇ, ಆದರೂ ಅವಳು ತೊಟ್ಟಾಗ ಅದು ಚೆಂದವೆನಿಸಿ ಮತ್ತೆ ಬೇಕೆನಿಸುತ್ತಿತ್ತು. ಸ್ಕೂಲಿನಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು. ಯಾರೂ ಅವಳನ್ನು ಹಂಗಿಸಲಿಲ್ಲ. ಬದಲಿಗೆ ಸುತ್ತ ಕೂತು ಮೆಲ್ಲಗೆ ಮಾತಾಡಿಸುತ್ತಿದ್ದರು, ಮಾಸ್ತರರು ಅವಳಿಗೆ ಬೈಯುತ್ತಿರಲಿಲ್ಲ. ನಾನೋ ಬರೀ ವಕೀಲರ ಮಗಳು. ಊರ ತುಂಬ ವಕೀಲರಿದ್ದರು.

ಊಟದ ಹೊತ್ತಿಗೆ ಮನೆಯಲ್ಲಿ ಪ್ರತಿದಿನ ಅದೇ ವಾದ. ನಾಗವೇಣಿ ತಲೆ ಎತ್ತದೆ ಅನ್ನ ಕಲೆಸುತ್ತಿದ್ದಳು. ಅವ್ವ ಕೆಮ್ಮಿ ಕಣ್ಣು ಮಾಡಿದರೂ ಅಜ್ಜಿ ಬಿಡುತ್ತಿರಲಿಲ್ಲ.

"ಆ ಕೂಸಿನ ತಾಯಿ ಎದುರಿಗೆ ನಿಂತು ನಿನ್ನ ಕಾಯ್ದೆ ಹೇಳು ನೋಡಾಣ. ಹಾಲು ಕುಡಿಯೋ ಹುಡುಗನ್ನ ಕೊಂದೋನಿಗೆ ಅನ್ನ ಹಾಕಿ ಸಾಕಬೇಕೇನು?"

"ಶಿಕ್ಷೆ ಬೇಡ ಅಂತ ನಾನೆಲ್ಲಿ ಅಂದೆ? ಜೈಲಿಗೆ ಹಾಕಿದ್ದು ತಪ್ಪು ಅಂತಾದ್ರೆ ನಾಳೆ ಬೀಗ ತೆಗೀಬೋದು. ನೇಣಿಗೆ ಹಾಕಿದ್ದು ತಪ್ಪು ಅಂತಾದ್ರೆ ಏನು ತೆಗೀತಿ?"

"ತಪ್ಪು ಹೆಂಗಾಗ್ತತಿ? ಕಣ್ಣಿಂದ ಕಂಡೋರು ಅದಾರಲ್ಲ."

ಆ ಮೂವರು ಯಾಕೆ ಸುಳ್ಳು ಹೇಳಬೇಕು ಎಂಬುದು ಅಪ್ಪಾಜಿಗೂ ತಿಳಿದಿರಲಿಲ್ಲ. ಕೆರಿಯಪ್ಪನನ್ನು ಕೇಳಿದರೆ ಆತನೂ "ಅವರು ಒಳ್ಳೇರೇ" ಎನ್ನುತ್ತಿದ್ದನಂತೆ. ಅಪ್ಪಾಜಿ ಅರ್ಧ ಊಟಕ್ಕೇ ಎದ್ದು ಆಫೀಸಿನ ಕೋಣೆಗೆ ಹೋಗುತ್ತಿದ್ದರು. ನನ್ನ ಕಡೆ ತಿರುಗಿ "ಅಲ್ವೇನೇ" ಅನ್ನುವುದು ನಿಂತುಹೋಗಿತ್ತು. ನಾನು ಒಳಗೊಳಗೇ ಅಜ್ಜಿಯ ಪಕ್ಷ. ನ್ಯಾಯ ಅನ್ಯಾಯ ನನಗೇನು ಗೊತ್ತು? ಕೇಸು ಮುಗಿಯುವ ತನಕ ಇವಳು ಇರುತ್ತಾಳೆ ಎಂದಿದ್ದರಲ್ಲ, ಬೇಗ ಮುಗಿದರೆ ಸಾಕು ಎಂದು ದಿನಾ ವಿಭೂತಿ ಹಚ್ಚಿಕೊಳ್ಳುವಾಗ ಬೇಡಿಕೊಳ್ಳುತ್ತಿದ್ದೆ. ಹೇಗೆ ಮುಗಿಯಬೇಕೆಂದು ದೇವರಿಗೆ ಹೇಳುತ್ತಿರಲಿಲ್ಲ. ಅದು ದೇವರಿಗೆ ಬಿಟ್ಟಿದ್ದು.

ದಸರಾ ರಜೆಯಲ್ಲಿ ಅಪ್ಪಾಜಿ ಅವಳನ್ನು ಬೆಳಗಾವಿಯ ಜೈಲಿಗೆ ಕರೆದುಕೊಂಡು ಹೋದರು. ಅವಳ ಅಪ್ಪನನ್ನು ಇಟ್ಟಿದ್ದು ಅಲ್ಲಿ. ಅಪ್ಪಾಜಿಯ ಜೊತೆ ನಾನು ಶಿವಮೊಗ್ಗ ದಾಟಿದವಳಲ್ಲ. ಇವಳು ಹಾವೇರಿ, ಹುಬ್ಬಳ್ಳಿ, ಧಾರವಾಡ ಎಲ್ಲ ನೋಡಿಕೊಂಡು, ಕಿಟಕಿ ಪಕ್ಕ ಕೂತು, ಹೋಟೆಲಿನಲ್ಲಿ ಪೂರಿ ತಿಂದು ಬಂದಳು. ಬರುವಾಗ ಅಪ್ಪಾಜಿ ಕುಂದಾ ತಂದಿದ್ದರು. ಡಬ್ಬ ಅವಳ ಕೈಯಲ್ಲಿತ್ತು. "ನಿಂಗೂ ಐತೆ" ಎಂದು ಅವಳು ನನಗೆ ಕೊಡಲು ಬಂದಾಗ ನಾನು ನನಗೆ ಹಲ್ಲು ನೋವು ಅಂದೆ. ನಮ್ಮ ಅಪ್ಪ ತಂದ ಕುಂದಾವನ್ನು ಇವಳು ನನಗೆ ಹಂಚುವುದೆಂದರೇನು? ಜೈಲಿನಲ್ಲಿ ಏನು ನಡೆಯಿತೆಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನನಗೆ ಬೇಕಾಗಿದ್ದದ್ದು ಬಸ್ಸಿನ ಸುದ್ದಿ. ಅವಳು ಹೇಳಿದ್ದು ಒಂದೇ ಮಾತು. ಬರುವಾಗ ದಾರಿಯಲ್ಲಿ ನಿದ್ದೆ ಬಂದು ಅಪ್ಪಾಜಿಯ ತೊಡೆಯ ಮೇಲೆ ಮಲಗಿದ್ದಳಂತೆ.

ಅಲ್ಲಿಯವರೆಗೆ ಅವಳು 'ವಕೀಲರೇ' ಎಂದು ಕರೆಯುತ್ತಿದ್ದಳು. ಬೆಳಗಾವಿಯಿಂದ ಬಂದ ಮೇಲೆ 'ಅಪ್ಪಾಜಿ' ಎನ್ನತೊಡಗಿದಳು. ಯಾರು ಹೇಳಿಕೊಟ್ಟರೆಂದು ಕೇಳಿದರೆ "ಅವ್ರೇ ಹೇಳಿದ್ರು" ಅಂದಳು. ಅಪ್ಪಾಜಿಯೂ ಅವಳನ್ನು 'ವೇಣಿ' ಎಂದು ಕರೆಯುತ್ತಿದ್ದರು. ನನ್ನನ್ನು ಹುಟ್ಟಿದಾಗಿನಿಂದ 'ಗಿರಿಜಾ' ಎಂದೇ, ಒಂದು ಅಕ್ಷರ ಕಡಿಮೆ ಮಾಡಿ ಮುದ್ದು ಮಾಡಿದವರಲ್ಲ. ಆ ರಾತ್ರಿ ನಾನು ಅವಳ ಹಾಸಿಗೆಯನ್ನು ಕಾಲಿನಿಂದ ದೂರ ತಳ್ಳಿದೆ. ಅವಳು ಅದನ್ನು ಸರಿಯಾಗಿ ಹಾಸಿಕೊಂಡು ಅಲ್ಲೇ ಮಲಗಿದಳು. ಈಗ ನನಗೆ ಐವತ್ತು ದಾಟಿತು. ಹೊಟ್ಟೆಕಿಚ್ಚನ್ನು ಮಕ್ಕಳಾಟವೆಂದು ನಕ್ಕುಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ವಯಸ್ಸಿನಲ್ಲಿ ನನ್ನ ಮೈಯಲ್ಲಿ ಅದಕ್ಕಿಂತ ದೊಡ್ಡದು ಇನ್ನೇನೂ ಇರಲಿಲ್ಲ.

ನಮ್ಮ ದೇವರ ಗೂಡಿನಲ್ಲಿ ತೀರಿಹೋದ ಅಜ್ಜನ ಬೆಳ್ಳಿಯ ಕರಡಿಗೆ ಇತ್ತು. ಲಿಂಗವನ್ನು ಒಳಗಿಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಭರಣಿ ಅದು. ಅಜ್ಜನ ಲಿಂಗ ಅಜ್ಜನ ಜೊತೆ ಮಣ್ಣಿಗೆ ಹೋಗಿತ್ತು, ಕರಡಿಗೆ ಉಳಿದಿತ್ತು. ಅಜ್ಜಿ ಪ್ರತಿ ಸೋಮವಾರದ ಪೂಜೆಯಾದ ಮೇಲೆ ಅದನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ಇಡುತ್ತಿದ್ದಳು. ಅಪ್ಪಾಜಿ ಹೈಕೋರ್ಟಿನ ವಕೀಲರನ್ನು ಕಾಣಲು ಬೆಂಗಳೂರಿಗೆ ಹೋದ ಮಾರನೆಯ ದಿನ, ಸೋಮವಾರ, ನೋಡಿದರೆ ಕರಡಿಗೆ ಇಲ್ಲ. ಮನೆಯೆಲ್ಲ ಜಾಲಾಡಿದ್ದಾಯಿತು. ಕೊನೆಗೆ ಅಜ್ಜಿ ಗೂಡಿನ ಮುಂದೆ ದೀಪ ಹಚ್ಚಿ, ತಟ್ಟೆಯಲ್ಲಿ ವಿಭೂತಿ ಇಟ್ಟುಕೊಂಡು ಕೂತು ಎಲ್ಲರನ್ನೂ ಕರೆದಳು. ವಿಭೂತಿ ಮುಟ್ಟಿ, ನಾನು ತೆಗೆದಿಲ್ಲ ಎಂದು ಆಣೆ ಮಾಡಬೇಕು. ಅವ್ವ ಮಾಡಿದಳು. ಪಾತ್ರೆ ತಿಕ್ಕಲು ಬರುತ್ತಿದ್ದ ಮಲ್ಲವ್ವ ಮಾಡಿದಳು. ನಾನು ಮಾಡಿದೆ. ನಾಗವೇಣಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ತೆಗ್ದಿಲ್ಲ."

"ಅದನ್ನೇ ಮುಟ್ಟಿ ಹೇಳು," ಅಂದಳು ಅಜ್ಜಿ.

"ಮುಟ್ಟಿ ಹೇಳಾಂಗಿಲ್ಲ. ನಮ್ಮನೇಲಿ ಆಣೆ ಮಾಡಾಂಗಿಲ್ಲ."

"ಕದ್ದೋರ ಮನ್ಯಾಗೆ ಯಾರೂ ಆಣೆ ಮಾಡಲ್ಲ ಬಿಡು."

ಅಷ್ಟೇ. ಅಲ್ಲಿಂದ ಮುಂದೆ ಮನೆಯಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಅನುಮಾನ ಹೋದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಗತೊಡಗಿತು. ಬೆಳಿಗ್ಗೆ ಕಸ ಗುಡಿಸುವಾಗ ಅವಳು ಗೂಡಿನ ಹತ್ತಿರ ಸುಳಿದಾಡುತ್ತಿದ್ದಳೆಂದು ಮಲ್ಲವ್ವನಿಗೆ ನೆನಪಾಯಿತು. ಅವಳ ಲಂಗದ ಮಡಿಲು ಯಾಕೋ ದಪ್ಪ ಕಂಡಿತ್ತೆಂದು ಅವ್ವನಿಗೆ, ಎಂದೂ ಯಾರ ಮೇಲೂ ಚಾಡಿ ಹೇಳಿದವಳಲ್ಲ ನಮ್ಮವ್ವ, ಅವಳಿಗೂ ನೆನಪಾಯಿತು. ಸಂಜೆಯ ಹೊತ್ತಿಗೆ ನನಗೂ ಕಂಡಿತು. ಸ್ಟೂಲಿನ ಮೇಲೆ ಹತ್ತಿದ್ದಾಳೆ, ಹಿಮ್ಮಡಿ ಎತ್ತಿ ಬೆರಳ ತುದಿಯಲ್ಲಿ ನಿಂತಿದ್ದಾಳೆ, ಕೈ ಗೂಡಿನೊಳಗಿದೆ, ಹಸಿರು ಬಳೆ ಮೊಣಕೈವರೆಗೆ ಜಾರಿದೆ. ಇದು ನಾನು ಕೂತು ಕಟ್ಟಿದ ಕತೆಯಲ್ಲ. ಬಾಗಿಲ ಸಂದಿಯಿಂದ ನಾನೇ ನೋಡಿದ್ದೆ, ಆಗ ಲಕ್ಷ್ಯ ಕೊಟ್ಟಿರಲಿಲ್ಲ ಎಂದೇ ಅನಿಸಿತು. ಅವಳ ಗಂಟು ಬಿಚ್ಚಿ ನೋಡಿದರು, ಕರಡಿಗೆ ಸಿಗಲಿಲ್ಲ. ಸಿಗದಿದ್ದದ್ದೂ ಅವಳಿಗೇ ಮುಳುವಾಯಿತು. "ಎಲ್ಲೋ ದಾಟಿಸಿಬಿಟ್ಟಾಳೆ, ಅಪ್ಪನ ಹಂಗೇ," ಅಂದಳು ಅಜ್ಜಿ. ಅವತ್ತು ಊಟಕ್ಕೆ ನಾಗವೇಣಿ ಬರಲಿಲ್ಲ. ನಾನು ಎಷ್ಟೋ ತಿಂಗಳ ಮೇಲೆ ನನ್ನ ಮಣೆಯ ಮೇಲೆ ಕೂತು ಊಟ ಮಾಡಿದೆ. ರುಚಿಯಾಗಿತ್ತು.

ಬುಧವಾರ ಮಧ್ಯಾಹ್ನ ಅಪ್ಪಾಜಿ ಬಂದರು. ಬ್ಯಾಗು ಕೆಳಗಿಡುವ ಮೊದಲೇ ಅಜ್ಜಿ ಎಲ್ಲವನ್ನೂ ಹೇಳಿದಳು. ಅಪ್ಪಾಜಿ ಕುರ್ಚಿಯ ಮೇಲೆ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಮಲ್ಲವ್ವನನ್ನು ಕೇಳಿದರು, ಅವ್ವನನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಏನು ಕಂಡೆ?"

ನಾನು ಹೇಳಿದೆ. ಅಪ್ಪಾಜಿ ನನ್ನನ್ನೇ ನೋಡುತ್ತ ಕೇಳುತ್ತಿದ್ದರು. ಎಷ್ಟು ದಿನವಾಗಿತ್ತು ಹಾಗೆ ನೋಡಿ! ಸ್ಟೂಲು ಹೇಳಿದೆ, ಹಿಮ್ಮಡಿ ಹೇಳಿದೆ, ಬಳೆಯನ್ನೂ ಬಿಡಲಿಲ್ಲ.

"ಯಾವತ್ತು ಇದು?"

"ಸೋಮವಾರ ಬೆಳಿಗ್ಗೆ. ಸ್ಕೂಲಿಗೆ ಹೋಗೋ ಮುಂಚೆ."

"ಖಾತ್ರಿನಾ?"

"ಖಾತ್ರಿ."

ಅಪ್ಪಾಜಿ ಬ್ಯಾಗು ತೆರೆದು ಕರಡಿಗೆಯನ್ನು ತೆಗೆದು ಅಜ್ಜಿಯ ಕೈಗೆ ಕೊಟ್ಟರು. ಅದರ ಕೊಂಡಿ ಸಡಿಲವಾಗಿತ್ತಲ್ಲ, ಭಾನುವಾರ ಬೆಳಿಗ್ಗೆ ಹೋಗುವಾಗ ತಾವೇ ತೆಗೆದುಕೊಂಡು ಹೋಗಿ ಶಿವಮೊಗ್ಗದಲ್ಲಿ ಅಕ್ಕಸಾಲಿಗರಿಗೆ ಕೊಟ್ಟು, ಬರುವಾಗ ಇಸಿದುಕೊಂಡು ಬಂದದ್ದಾಗಿ ಹೇಳಿದರು. ಎಲ್ಲರೂ ಮಲಗಿದ್ದರಿಂದ ಹೇಳಿರಲಿಲ್ಲ. ಮಲ್ಲವ್ವ ಸೆರಗು ಬಾಯಿಗೆ ಹಚ್ಚಿಕೊಂಡು ಹಿತ್ತಿಲಿಗೆ ಹೋದಳು. ಅಪ್ಪಾಜಿ ನನಗೆ ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಏಟು ಹೊಡೆದಿದ್ದರೆ ಅದಾದರೂ ನನ್ನದು ಅಂತ ಇರುತ್ತಿತ್ತು. ನನ್ನನ್ನೇ ಒಂದಿಷ್ಟು ಹೊತ್ತು, ಗುರುತಿಲ್ಲದ ಊರಿನ ಬೋರ್ಡು ಓದುವವರ ಹಾಗೆ ನೋಡಿದರು. ಆಮೇಲೆ ಎದ್ದು ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ನಾಗವೇಣಿಯ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ವೇಣಿ, ಆಣೆ ಯಾಕೆ ಮಾಡ್ಲಿಲ್ಲಮ್ಮ?"

"ನಮ್ಮನೇಲಿ ಮಾಡಾಂಗಿಲ್ಲ. ನಮ್ಮ ಮುತ್ತಜ್ಜ ಒಂದ್ಸಲ ಗದ್ದೆ ವಿಷ್ಯಕ್ಕೆ ನಿಜಾನೇ ಆಣೆ ಮಾಡಿದ್ನಂತೆ. ಆದ್ರೂ ಅವನ ಹಿರೀ ಮಗ ಸತ್ತೋದ. ಅವಾಗಿಂದ ಸುಳ್ಳಿಗೂ ಮಾಡಾಂಗಿಲ್ಲ, ನಿಜಕ್ಕೂ ಮಾಡಾಂಗಿಲ್ಲ ಅಂತ ಕಟ್ಟು. ಮಾಡಿದ್ರೆ ಮಕ್ಳಿಗೆ ತಗಲ್ತದೆ." ಅವಳು ಮೂಗು ಒರೆಸಿಕೊಂಡಳು. "ಅಪ್ಪನೂ ಗುಡೀಲಿ ಮಾಡ್ಲಿಲ್ಲ."

"ಯಾವ ಗುಡಿ?"

"ನಮ್ಮೂರ ಚೌಡಮ್ಮನ ಗುಡಿ. ಗೌಡ್ರ ಮನೆ ಕೆಲ್ಸಕ್ಕೆ ಹೋಗೋರನ್ನೆಲ್ಲ ಊರೋರು ಒದ್ದೆ ಬಟ್ಟೇಲಿ ನಿಲ್ಸಿ ಆಣೆ ಮಾಡ್ಸಿದ್ರು. ಎಲ್ರೂ ಮಾಡಿದ್ರು. ಅಪ್ಪ ನಾ ಮಾಡಿಲ್ಲ ಅಂದ, ಆಣೆ ಮಾತ್ರ ಇಡಲ್ಲ ಅಂದ. ನಾ ಅಲ್ಲೇ ಇದ್ದೆ."

"ಇದನ್ನ ನನಗೆ ಯಾರೂ ಹೇಳ್ಲಿಲ್ಲವಲ್ಲಮ್ಮ."

"ನೀವು ಕೇಳ್ಲಿಲ್ಲ."

ಅಪ್ಪಾಜಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ತೆಗೆದಾಗ ಕಣ್ಣು ಒದ್ದೆಯಾಗಿದ್ದವು, ಆದರೆ ಮುಖ ಬೆಳಗುತ್ತಿತ್ತು. ಗುಡಿಯ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಸಾಕ್ಷಿಗಳು ಅದನ್ನು ಹೇಳಿರಲಿಲ್ಲ. ಕೆರಿಯಪ್ಪ ಇದನ್ನು ಮನೆಯ ಮಾತೆಂದು ಬಾಯಿ ಬಿಟ್ಟಿರಲಿಲ್ಲ. ಆ ಮೂವರು ಯಾಕೆ ಹಾಗೆ ಹೇಳಿದರೆಂದು ಅಪ್ಪಾಜಿಗೆ ಈಗ ಗೊತ್ತಾಗಿತ್ತು, ಗೊತ್ತು ಮಾಡಿಸಿದ್ದು ನಾನು. ಆದರೆ ಅವರು ಬೆನ್ನು ತಟ್ಟಿದ್ದು ಅವಳಿಗೆ.

ಮುಂದಿನ ಭಾನುವಾರ ಅಪ್ಪಾಜಿ "ಗಿರಿಜಾ, ಹೊರಡು, ಸೊರಬಕ್ಕೆ ಹೋಗಿ ಬರೋಣ" ಅಂದರು. ನಾಗವೇಣಿಯನ್ನು ಕರೆಯಲಿಲ್ಲ, ನನ್ನೊಬ್ಬಳನ್ನೇ. ಹಬ್ಬದ ಲಂಗ ಹಾಕಿಕೊಂಡು, ಅವಳಿಗೆ ಕಾಣುವ ಹಾಗೆ ಜಡೆಗೆ ಹೊಸ ಟೇಪು ಕಟ್ಟಿಕೊಂಡೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಅಪ್ಪಾಜಿ ಮಂಡಕ್ಕಿ ಮಿರ್ಚಿ ಕೊಡಿಸಿದರು. ಕಿಟಕಿ ಪಕ್ಕ ಕೂರಿಸಿದರು. ಬಯಲು ಮುಗಿದು ಗಿಡಮರ ದಟ್ಟವಾಗುತ್ತ ಹೋದದ್ದನ್ನು ನೋಡುತ್ತ, ಇಷ್ಟು ದಿನ ಅನುಭವಿಸಿದ್ದೆಲ್ಲ ಇವತ್ತಿಗೆ ತೀರಿತು ಅಂದುಕೊಂಡೆ. ಯಾಕೆ ಕರೆದುಕೊಂಡು ಹೋಗುತ್ತಿದ್ದಾರೆಂದು ಕೇಳಲೇ ಇಲ್ಲ. ಪ್ರೀತಿಗೆ ಕಾರಣ ಕೇಳುತ್ತಾರೆಯೇ?

ಆ ಊರಿನಲ್ಲಿ ನಾವು ಹೋದದ್ದು ಹುಚ್ಚಪ್ಪಜ್ಜನ ಮನೆಗೆ. ಮೂವರು ಸಾಕ್ಷಿಗಳಲ್ಲಿ ಹಿರಿಯ. ವಕೀಲರನ್ನು ಕಂಡು ಅಜ್ಜನ ಮುಖ ಬಿಗಿಯಿತು, ಆದರೂ ಜಗಲಿಯ ಮೇಲೆ ಚಾಪೆ ಹಾಸಿ ಬೆಲ್ಲ ನೀರು ಕೊಟ್ಟ.

"ನಾನು ಹೇಳಿದ್ದೆಲ್ಲ ಕೋರ್ಟಲ್ಲಿ ಹೇಳಾಗದೆ ವಕೀಲ್ರೇ. ಮತ್ತೆಂತ ಇಲ್ಲ."

"ನಾನು ಕೇಸಿನ ಮಾತಿಗೆ ಬಂದಿಲ್ಲ ಅಜ್ಜಾರೇ. ಇವಳು ನನ್ನ ಮಗಳು. ಇವಳು ಏನು ಕಂಡಳು ಅಂತ ನಿಮಗೆ ಹೇಳ್ತಾಳೆ, ಕೇಳಿ. ಹೇಳು ಗಿರಿಜಾ. ಎಲ್ಲಾನೂ ಹೇಳು."

ಆಗ ತಿಳಿಯಿತು ನನ್ನನ್ನು ಯಾಕೆ ತಂದಿದ್ದರೆಂದು. ಮಿರ್ಚಿ, ಕಿಟಕಿ ಎಲ್ಲ ಅದಕ್ಕೇ. ಅಪರಿಚಿತ ಅಜ್ಜನ ಮುಂದೆ, ಒಳಗಿಂದ ಹೆಂಗಸರು ಇಣುಕುತ್ತಿರುವಾಗ, ಹಬ್ಬದ ಲಂಗ ಹಾಕಿಕೊಂಡು ನಿಂತು ನಾನು ಸ್ಟೂಲಿನ ಕತೆ ಹೇಳಿದೆ. ಕರಡಿಗೆ ಎಲ್ಲಿತ್ತು ಎಂಬುದನ್ನೂ ಹೇಳಿದೆ. ನಾಗವೇಣಿಗಾಗಿ ಅಪ್ಪಾಜಿ ಹೆತ್ತ ಮಗಳ ಮಾನವನ್ನು ಊರ ಜಗಲಿಯ ಮೇಲಿಟ್ಟರಲ್ಲ ಎಂದುಕೊಂಡು ಜಡೆಯ ಹೊಸ ಟೇಪನ್ನು ಎಳೆದು ಬಿಚ್ಚಿದೆ. ಅಜ್ಜ ಮಾತ್ರ ನಗಲಿಲ್ಲ. ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡ.

"ನೀ ಸುಳ್ಳು ಹೇಳಿದ್ದಲ್ಲ, ಅಲ್ಲನಾ?"

"ಅಲ್ಲ."

"ಈಗ್ಲೂ ಕಾಣ್ತದಾ ನಿಂಗೆ, ಅದು ಸ್ಟೂಲ್ ಹತ್ತಿದ್ದು?"

ನಾನು ಹೂಂ ಅಂದೆ. ಕಾಣುತ್ತಿತ್ತು. ನಡೆದಿಲ್ಲವೆಂದು ಗೊತ್ತಾದ ಮೇಲೂ ಕಾಣುತ್ತಿತ್ತು.

ಆಗ ಅಜ್ಜ ಅಪ್ಪಾಜಿಗಲ್ಲ, ನನಗೇ ಹೇಳಿದ.

"ನಂಗೂ ಹಂಗೇ ಮಗಾ. ಅವತ್ತು ನಸುಕಲ್ಲಿ ಯಾರೋ ಕಂಬಳಿ ಹೊದ್ದು ಹೋದಂಗೆ ಕಂಡಿತ್ತು. ಮುಖ ಕಂಡಿರ್ಲಿಲ್ಲ. ಯಾರ್ ಹತ್ರನೂ ಹೇಳಿರ್ಲಿಲ್ಲ. ಗುಡಿ ಮುಂದೆ ಅವ ಆಣೆ ಇಡಲ್ಲ ಅಂದ್ನಲ್ಲ, ಅವತ್ತು ಮನೆಗೆ ಬಂದು ಕೂತೆ, ಕಂಬಳಿ ಒಳಗೆ ಕೆರಿಯನ ಮುಖ ಇತ್ತು. ಚೌಡಮ್ಮನೇ ತೋರ್ಸಿದ್ಲು ಅಂದ್ಕಂಡೆ. ಮಾರನೇ ದಿನ ಪೊಲೀಸ್ರಿಗೆ ಹೇಳ್ದೆ. ಉಳಿದಿಬ್ರೂ ಹೇಳಿದ್ದು ಆಮೇಲೇಯ."

"ಇದನ್ನ ಕೋರ್ಟಿನಲ್ಲಿ ಹೇಳ್ತೀರಾ ಅಜ್ಜಾರೇ?" ಅಪ್ಪಾಜಿ ಚಾಪೆಯ ಮೇಲೆ ಮುಂದಕ್ಕೆ ಸರಿದು ಕೇಳಿದರು.

"ಊರು ನನ್ನ ಉಗೀತದೆ. ಗೌಡ್ರ ಮನೆ ಸೊಸೆ, ಆ ಕೂಸಿನ ತಾಯಿ, ನನ್ನ ಮುಖ ನೋಡಲ್ಲ." ಅಜ್ಜ ಎದ್ದು ನಿಂತ. "ಹೇಳ್ತೀನಿ."

ಹೇಳಿದ ಕೂಡ. ಆತನನ್ನು ಮತ್ತೆ ವಿಚಾರಿಸಲು ಹೈಕೋರ್ಟು ಅಪ್ಪಣೆ ಕೊಟ್ಟಿತು. ಉಳಿದಿಬ್ಬರು ತಮ್ಮ ಮಾತಿಗೇ ನಿಂತರು. ಕೊನೆಗೆ ಹೈಕೋರ್ಟು ಗಲ್ಲನ್ನು ತೆಗೆದು ಜೀವಾವಧಿ ಮಾಡಿತು. ಅಂದರೆ, ಕೊಲ್ಲುವಷ್ಟು ಖಾತ್ರಿಯಿಲ್ಲ, ಬಿಡುವಷ್ಟು ಅನುಮಾನವೂ ಇಲ್ಲ. "ಇದೆಂಥ ನ್ಯಾಯ, ಮಾಡಿದ್ರೆ ನೇಣು, ಮಾಡಿಲ್ಲ ಅಂದ್ರೆ ಮನಿ," ಎಂದು ಅಜ್ಜಿ ಈ ಬಾರಿ ಅಪ್ಪಾಜಿಯ ಪರವೋ ವಿರುದ್ಧವೋ ತಿಳಿಯದ ಹಾಗೆ ಹೇಳಿದಳು. ಅಪ್ಪಾಜಿ ದೆಹಲಿಗೆ ಅಪೀಲು ಹಾಕಿಸಿದರು. ಕೇಸು ಮುಗಿಯಲಿಲ್ಲ, ನಾಗವೇಣಿ ಹೋಗಲಿಲ್ಲ. ಆಣೆಯ ವಿಷಯ ಕೇಳಿದ ಮೇಲೆ ಅಜ್ಜಿ ಅವಳನ್ನು ಪೂಜೆಗೆ ಹೂ ಕೊಯ್ಯಲು ಕರೆಯತೊಡಗಿದ್ದಳು. ನನ್ನ ಪಕ್ಷದಲ್ಲಿ ಇದ್ದ ಒಬ್ಬಳೂ ಹೀಗೆ ಹೋದಳು. ಈಗ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಯಾರನ್ನಾದರೂ ಹಿಡಿದ ದಿನವೇ ಗಲ್ಲಿಗೇರಿಸಿ ಎಂದು ಕೂಗುವವರನ್ನು ನೋಡುತ್ತೇನೆ. ನಮ್ಮ ಮಹಿಳಾ ಮಂಡಳಿಯಲ್ಲೂ ಕೂಗುತ್ತಾರೆ. ಅವರ ಸಿಟ್ಟು ಸುಳ್ಳಲ್ಲ, ಆ ಕೂಸಿನ ತಾಯಿಯ ಸಂಕಟವೂ ಸುಳ್ಳಾಗಿರಲಿಲ್ಲ. ನಿಜವಾಗಿ ಕೊಂದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಆದರೆ ನಾನು ಮಂಡಳಿಯವರ ಜೊತೆ ಕೂಗಲಾರೆ. ಕಣ್ಣಿಂದ ಕಂಡವರು ಎಂಥವರೆಂದು ನನಗೆ ಗೊತ್ತು.

ನಾವಿಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದ ವರ್ಷ ದೆಹಲಿಯಿಂದ ತೀರ್ಪು ಬಂತು. ಕೆರಿಯಪ್ಪ ತಪ್ಪಿತಸ್ಥನಲ್ಲ, ಬಿಟ್ಟುಬಿಡಿ. ಅಪ್ಪಾಜಿಯೇ ಬೆಳಗಾವಿಗೆ ಹೋದರು, ಕರೆದುಕೊಂಡು ಬರಲು. ಮೊದಲ ವರ್ಷದ ಒಂದೆರಡು ಭೇಟಿಗಳಾದ ಮೇಲೆ, ಮಗು ಈ ಗೋಡೆ ನೋಡುವುದು ಬೇಡ ಎಂದು ಆತನೇ ನಿಲ್ಲಿಸಿದ್ದ. ಹೀಗಾಗಿ ಅಪ್ಪ ಮಗಳು ಒಬ್ಬರನ್ನೊಬ್ಬರು ಕಂಡು ವರ್ಷಗಳೇ ಆಗಿದ್ದವು. ಅವತ್ತು ನಾಗವೇಣಿ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ತಲೆ ಬಾಚಿಕೊಳ್ಳುವುದು, ಬಿಚ್ಚುವುದು, ಮತ್ತೆ ಬಾಚಿಕೊಳ್ಳುವುದು. ಅವಳು ಹೋಗುತ್ತಾಳೆ, ಮನೆ ಮತ್ತೆ ನನ್ನದಾಗುತ್ತದೆ ಎಂದು ನಾನು ಖುಷಿ ಪಡಲು ನೋಡಿದೆ. ಆಗಲಿಲ್ಲ. ಸತ್ತೇ ಹೋಗಬೇಕಾಗಿದ್ದವನು ತಿರುಗಿ ಬರುತ್ತಿದ್ದಾನೆ, ಅದೂ ಇವಳಿಗಾಗಿ. ನನ್ನ ಅಪ್ಪ ದಿನಾ ಸಂಜೆ ಕೋರ್ಟಿನಿಂದ ಬರುವವರು. ಅದರಲ್ಲೇನಿದೆ?

ಬೀದಿಯಲ್ಲಿ ಅಪ್ಪಾಜಿಯ ಮಾತು ಕೇಳಿ ನಾವಿಬ್ಬರೂ ಓಡಿಬಂದು ಬಾಗಿಲಲ್ಲಿ ಪಕ್ಕಪಕ್ಕ ನಿಂತೆವು. ಅವ್ವ, ಅಜ್ಜಿ ಹಿಂದೆ. ಅಪ್ಪಾಜಿ ಒಂದು ಹೆಜ್ಜೆ ಸರಿದು ಆತನನ್ನು ಮುಂದೆ ಬಿಟ್ಟರು. ಸಣ್ಣ ದೇಹದ ಮನುಷ್ಯ, ತಲೆ ಪೂರಾ ಬೆಳ್ಳಗೆ. ಜಗಲಿಯ ಮೇಲೆ ಚಪ್ಪಲಿ ಬಿಟ್ಟು ಎದುರಿಗೆ ಬಂದು ನಿಂತ. ಆತ ಕೊನೆಗೆ ಕಂಡಿದ್ದು ಎಲುಬು ತೋರುವ ಹುಡುಗಿಯನ್ನು. ನಮ್ಮ ರೊಟ್ಟಿ ತಿಂದು ನಾಗವೇಣಿ ಮೈ ತುಂಬಿಕೊಂಡಿದ್ದಳು, ಬಡಕಲಾಗಿ ಉಳಿದವಳು ನಾನು. ಆತ ಅವಳನ್ನು ನೋಡಿದ, ನನ್ನನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಎರಡೂ ಕೈಗಳನ್ನು ನನ್ನ ತಲೆಯ ಮೇಲಿಟ್ಟ.

"ಮಗಾ," ಅಂದ. "ನಿನ್ನ ಮುಖಾನೇ ನೆನೆಸ್ಕಂಡು ಉಳ್ದೆ ನೋಡು."

ಕೈ ಭಾರವಾಗಿದ್ದವು. ನಾನು ತಲೆ ಸರಿಸದೆ ನಾಗವೇಣಿಯ ಕಡೆ ಕಣ್ಣು ಹೊರಳಿಸಿದೆ. ಅವಳು ನನ್ನನ್ನು ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಅವಳಿದ್ದ ಅಷ್ಟೂ ವರ್ಷ ನಾನು ಅವಳನ್ನು ನೋಡಿದ್ದು ಹಾಗೆಯೇ.